ಕಾಡು ಗುಡಿಸಿದವರು

ನಮ್ಮೂರು ಪಹ್ಕಮಾಕಿಯಲ್ಲಿ ಒಬ್ಬ ಮನುಷ್ಯ ಎಂಥವನು ಎಂದು ತಿಳಿಯಬೇಕಾದರೆ ಯಾರೂ ಅವನ ಮನೆಯೊಳಗೆ ಇಣುಕುವುದಿಲ್ಲ. ಅವನ ಕಾಡನ್ನು ನೋಡುತ್ತಾರೆ. ಮರಗಳು ನೆಟ್ಟಗಿವೆಯೇ, ಕೆಳಗಿನ ಕೊಂಬೆ ಸವರಿದೆಯೇ, ಬಿದ್ದದ್ದನ್ನು ಎತ್ತಿದ್ದಾರೆಯೇ ಎಂದು ನೋಡಿಕೊಂಡು ಮುಂದೆ ಹೋಗುತ್ತಾರೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ನಮ್ಮ ಸಾವೋ ಸೀಮೆಯವರು ಅಂದದ್ದಕ್ಕಿಂತ ಅನ್ನದೆ ಬಿಟ್ಟದ್ದೇ ಹೆಚ್ಚು ಚುಚ್ಚುತ್ತದೆ.

ಹೆಲ್ವಿಯ ಅಪ್ಪ ವಿಲ್ಹೋ ಬದುಕಿದ್ದಷ್ಟು ದಿನ ಅವರ ಕಾಡಿನ ಕಡೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ದೊಡ್ಡ ಆಸ್ತಿಯೇನಲ್ಲ. ಮನೆಯ ಹಿಂದೊಂದು ದಿಣ್ಣೆ, ದಿಣ್ಣೆಯಾಚೆ ಸೂಜಿಯೆಲೆಯ ಸ್ಪ್ರೂಸ್ ಮರಗಳ ಇಳಿಜಾರು, ಅದರ ಬುಡದಲ್ಲಿ ಜೌಗು ನೆಲ. ಹೆಲ್ವಿ ಹುಡುಗಿಯಾಗಿದ್ದಾಗ ಸರ್ಕಾರದ ಸಲಹೆಗಾರರು ಬಂದು, ಜೌಗಿನಲ್ಲಿ ಬಸಿಗಾಲುವೆ ತೋಡಿದರೆ ಸಹಾಯಧನ ಕೊಡುತ್ತೇವೆ ಎಂದರು. ವಿಲ್ಹೋ ತೋಡಿದ, ಅದೂ ಎಂಥ ಕಾಲುವೆ, ಎತ್ತು ಬಿದ್ದರೆ ಹತ್ತಿಬರಲಾಗದಂಥದ್ದು. ಒಣ ಮರ ಎಂದರೆ ರೋಗದ ಬೀಡು, ಎತ್ತಿ ಸುಡಿ ಎಂದರು. ಸುಟ್ಟ. ಕೆಲಸಕ್ಕೆ ಬಾರದ ಆಸ್ಪೆನ್ ಮರಗಳನ್ನು ಸಾಯಿಸಿ ಎಂದರು. ಅದನ್ನೂ ಮಾಡಿದ. ಭಾನುವಾರ ಚರ್ಚಿನಿಂದ ಬಂದವನು ಕೋಟು ಬಿಚ್ಚುವ ಮೊದಲೇ ಕಾಡಿಗೊಂದು ಸುತ್ತು ಹೋಗಿ, ಕಂಕುಳಲ್ಲಿ ನಾಲ್ಕು ಒಣಕಡ್ಡಿ ಇಟ್ಟುಕೊಂಡು ಬರುತ್ತಿದ್ದ. ಹೆಲ್ವಿ ಅದನ್ನು ನೋಡುತ್ತಲೇ ಬೆಳೆದಳು.

ಅಪ್ಪ ಹೋದ ಮೇಲೆ ಕಾಡು ಹೆಲ್ವಿಗೂ ಅವಳ ತಮ್ಮ ಔಲಿಸ್‌ಗೂ ಜಂಟಿಯಾಗಿ ಬಂತು. ಔಲಿಸ್ ದಕ್ಷಿಣದ ಲಾಹ್ತಿ ಪಟ್ಟಣದಲ್ಲಿ ಬಸ್ ಓಡಿಸುತ್ತಿದ್ದ. ಹೆಲ್ವಿ ಊರ ಶಾಲೆಯ ಅಡುಗೆಮನೆಯಲ್ಲಿ ಪ್ರತಿ ಗುರುವಾರ ಬಟಾಣಿ ಸಾರು ಕುದಿಸುತ್ತ ಕೂದಲು ಹಣ್ಣಾಗಿಸಿಕೊಂಡಳು. ಅವಳ ಗಂಡ ಓಲವಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಕಾಡಿನ ಕೆಲಸಕ್ಕೆ ಆಳೂ ಇಲ್ಲ, ಹೊತ್ತೂ ಇಲ್ಲ. ಗಾಳಿ ಬಂತು, ಮರ ಬಿತ್ತು. ಬಿದ್ದದ್ದು ಬಿದ್ದಲ್ಲೇ ಕೊಳೆಯಿತು.

ಹಾಗೆ ಬಿದ್ದವುಗಳಲ್ಲಿ ಒಂದು ಭಾರಿ ಸ್ಪ್ರೂಸ್ ಇತ್ತು. ಕಾಲುದಾರಿಯಿಂದ ತುಸು ಒಳಗೆ ಅಡ್ಡಡ್ಡ ಮಲಗಿತ್ತು. ಓಲವಿಗೆ ನಿದ್ದೆ ಹತ್ತಿದ ಹೊತ್ತು ನೋಡಿ ಹೆಲ್ವಿ ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಅಳುವುದಿದ್ದರೆ ಅಲ್ಲಿ ಅತ್ತು ಮುಗಿಸಿ, ಕೆನ್ನೆ ಒರೆಸಿಕೊಂಡು ಬಂದು ಗಂಡನ ಮಗ್ಗುಲು ಬದಲಾಯಿಸುತ್ತಿದ್ದಳು. ವರ್ಷಗಳು ಕಳೆದಂತೆ ಮರದ ಮೇಲೆ ಪಾಚಿ ಹಬ್ಬಿತು, ಪಾಚಿಯ ಮೇಲೆ ಬೆರಳುದ್ದದ ಸ್ಪ್ರೂಸ್ ಸಸಿಗಳೆದ್ದವು. ಓಲವಿಯನ್ನು ಮಣ್ಣು ಮಾಡಿ ಬಂದ ಮೇಲೂ ಅವಳು ಅಲ್ಲಿ ಕೂರುವುದು ತಪ್ಪಲಿಲ್ಲ. ಆ ಜಾಗದ ಮೇಲೆ ಅವಳಿಗೆ ಎಷ್ಟು ಪ್ರೀತಿಯೋ ಅಷ್ಟೇ ನಾಚಿಕೆ. ನೆಂಟರು ಬಂದರೆ ಕೆರೆಯ ಕಡೆಯ ದಾರಿಯಲ್ಲಿ ಸುತ್ತಿಸಿ ಕರೆತರುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಔಲಿಸ್‌ನ ಫೋನ್ ಬಂತು.

"ಅಕ್ಕ, ನನ್ನ ಮಂಡಿ ಕತೆ ಮುಗೀತು. ಮಹಡಿ ಹತ್ತಕ್ಕಾಗಲ್ಲ. ಕೆಳಗಡೆ ಒಂದು ಮನೆ ನೋಡಿದೀನಿ. ಸ್ಪ್ರೂಸ್ ಕಡಿಸಿ ಮರದ ಕಂಪನಿಗೆ ಮಾರಿಬಿಡೋಣ."

"ಎಲ್ಲಾನೂ?"

"ಮತ್ತೇನು, ಇಟ್ಕೊಂಡು ಸಾಕಕ್ಕೆ ಅವೇನು ಹಾಲು ಕೊಡ್ತಾವಾ?"

ಅವನದೇನೂ ತಪ್ಪಿರಲಿಲ್ಲ. ಮಂಡಿ ನೋವಿನವನು ಮಹಡಿ ಹತ್ತಲಾರ, ಕಾಡಿನಲ್ಲಿ ಅರ್ಧ ಅವನದು. ಆದರೆ ಹೆಲ್ವಿಗೆ ಆ ರಾತ್ರಿ ಊಟ ಸೇರಲಿಲ್ಲ. ಆ ಇಳಿಜಾರು ಬೋಳಾದರೆ ತಾನು ಎಲ್ಲಿ ಹೋಗಿ ಕೂರುವುದು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ದಾರಿ ತೋರಿಸಿದ್ದು ಅಡುಗೆಮನೆಯ ರೇಡಿಯೋ. ಹಳೆಯ ಕಾಡನ್ನು ಕಡಿಯದೆ ಹಾಗೇ ಬಿಟ್ಟುಕೊಡುವ ಸಣ್ಣ ಮಾಲೀಕರಿಗೆ ಸರ್ಕಾರ ಪರಿಹಾರ ಕೊಡುತ್ತದಂತೆ, ಬಲವಂತವಿಲ್ಲ, ಒಪ್ಪಿದವರು ಒಪ್ಪಬಹುದಂತೆ. ಕಾಡಿನಲ್ಲಿ ಬಿದ್ದ ಮರ, ಕೊಳೆತ ಮರ, ಪೊಟರೆ ಬಿದ್ದ ಮರ ಹೆಚ್ಚಿದ್ದಷ್ಟೂ ಒಳ್ಳೆಯದಂತೆ. ಹೆಲ್ವಿ ಸಾರಿನ ಸೌಟು ಹಿಡಿದುಕೊಂಡೇ ನಿಂತು ಕೇಳಿದಳು. ಅಪ್ಪ ಬದುಕಿದ್ದರೆ ರೇಡಿಯೋ ಕೆಟ್ಟಿದೆ ಎನ್ನುತ್ತಿದ್ದ. ಅವಳು ಮರುದಿನವೇ ಅರಣ್ಯ ಕಚೇರಿಗೆ ಫೋನ್ ಮಾಡಿದಳು.

ಔಲಿಸ್ ಬೇಡವೆನ್ನಲಿಲ್ಲ. "ಕಂಪನಿ ಕೊಟ್ರೂ ದುಡ್ಡೇ, ಸರ್ಕಾರ ಕೊಟ್ರೂ ದುಡ್ಡೇ. ಆದ್ರೆ ಅಕ್ಕ, ನೆಲ ಹೆಪ್ಪುಗಟ್ಟೋ ಹೊತ್ತಿಗೆ ಅವರು ಹೂಂ ಅನ್ಲಿಲ್ಲ ಅಂದ್ರೆ ನೀನು ಕಡಿಸೋ ಕಾಗದಕ್ಕೆ ಸಹಿ ಹಾಕ್ಬೇಕು. ಮೆಷಿನ್ ಜೌಗಿಗಿಳಿಯೋದು ಹೆಪ್ಪುಗಟ್ಟಿದ ಮೇಲೇ." ಹೆಲ್ವಿ ಮಾತು ಕೊಟ್ಟಳು.

ಕಚೇರಿಯವರು ಕಾಡು ನೋಡಲು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ವಾರ ಅಂಗಡಿಯಲ್ಲಿ ನೆರೆಮನೆಯ ಟೌನೋ ಸಿಕ್ಕಿದ. ಈ ಟೌನೋ ವಿಲ್ಹೋನ ಶಿಷ್ಯ ಎಂದೇ ಹೇಳಬೇಕು. ಅವನ ಕಾಡಿನಲ್ಲಿ ಒಂದು ಕಡ್ಡಿ ಬಿದ್ದರೂ ಅದಕ್ಕೆ ಅವನ ಅಪ್ಪಣೆ ಬೇಕು. ಓಲವಿ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಹೆಲ್ವಿಯ ಅಂಗಳದ ಹಿಮ ಎತ್ತಿದವನೂ ಅವನೇ.

"ಏನು, ಮುಖ ಸಪ್ಪಗಿದೆ?" ಎಂದ.

"ಅರಣ್ಯ ಕಚೇರಿಯಿಂದ ಯಾರೋ ಬರ್ತಾರಂತೆ. ಮುಂದಿನ ಬುಧವಾರ. ಕಾಡು ನೋಡ್ಬೇಕಂತೆ."

"ಯಾಕೆ?"

"ಏನೋಪ್ಪ. ನೋಡ್ಬೇಕಂತೆ."

ಇನ್ನೊಂದು ಮಾತು ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳಿಂದ ಆಗಲಿಲ್ಲ. ಇಡೀ ಊರು ಬೆನ್ನು ಬಗ್ಗಿಸಿ ಕಾಡು ಚೊಕ್ಕಟ ಮಾಡುತ್ತಿರುವಾಗ, ಚೊಕ್ಕಟ ಮಾಡದೆ ಬಿಟ್ಟದ್ದಕ್ಕೆ ನನಗೆ ಸರ್ಕಾರ ದುಡ್ಡು ಕೊಡುತ್ತದೆ ಎಂದು ಟೌನೋನ ಮುಖ ನೋಡಿ ಹೇಗೆ ಹೇಳುವುದು? ಸೋಮಾರಿತನಕ್ಕೆ ಸಂಬಳ ಎಂದು ನಕ್ಕಾರು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಟೌನೋ ಅವಳನ್ನು ಒಮ್ಮೆ ನೋಡಿ, ಕಾಫಿಪುಡಿ ಪೊಟ್ಟಣ ಬಗಲಿಗಿಟ್ಟುಕೊಂಡು ಹೊರಟ. ಅವನು ಬೇರೆಯೇ ಲೆಕ್ಕ ಹಾಕಿದ್ದ ಎಂದು ಅವಳಿಗೆ ಹೇಗೆ ತಿಳಿಯಬೇಕು.

ಮಂಗಳವಾರ ಅವಳು ಕಣ್ಣು ತೋರಿಸಲು ಕುವೊಪಿಯೊ ಪಟ್ಟಣಕ್ಕೆ ಹೋಗಿದ್ದಳು. ಮಧ್ಯಾಹ್ನ ಕಳೆದು ವಾಪಸು ಬಸ್ಸಿಳಿದಾಗ, ಹಾಕಿದ್ದ ಔಷಧಿಯಿಂದ ನೋಟವೆಲ್ಲ ಮಂಜು. ಮೂಗಿಗೇನೂ ಆಗಿರಲಿಲ್ಲ. ಗರಗಸದ ಹೊಟ್ಟಿನ ವಾಸನೆ, ಮರದ ಅಂಟಿನ ವಾಸನೆ, ಟ್ರ್ಯಾಕ್ಟರಿನ ಹೊಗೆ ಎಲ್ಲ ಒಟ್ಟಿಗೆ ಬಂದು ಹೊಡೆಯಿತು. ಅಂಗಳದಲ್ಲಿ ಟೌನೋನ ಟ್ರ್ಯಾಕ್ಟರ್ ನಿಂತಿತ್ತು. ಸೌದೆ ಕೊಟ್ಟಿಗೆಯ ಗೋಡೆಗೆ ಎದೆಯೆತ್ತರದ ಪೇರು, ತುದಿಗೆ ತುದಿ ಸರಿಯಾಗಿ ಕೂತಿತ್ತು. ಮೆಟ್ಟಿಲ ಮೇಲೆ ಊರ ಗಂಡಸರು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

"ಬಂದ್ಯಾ," ಎಂದ ಟೌನೋ. "ಕಣ್ಣಿಗೆ ಏನಂದ್ರು?"

"ನೆಟ್ಟಗಿದೆಯಂತೆ. ಇದೇನಿದು?"

"ಏನಿಲ್ಲ. ನಾಳೆ ಅವ್ರು ಬರ್ತಾರಲ್ಲ. ವಿಲ್ಹೋ ಕಾಡನ್ನ ಆ ಸ್ಥಿತೀಲಿ ತೋರ್ಸಿ ನೀನು ಬೈಸ್ಕೊಳ್ಳೋದು ಬೇಡ ಅಂತ, ಒಂಚೂರು ಗುಡ್ಸಿದ್ವಿ."

"ಒಂಚೂರಂತೆ," ಎಂದ ಹಿಂದಿನ ಮೆಟ್ಟಿಲಿನಿಂದ ಉರ್ಹೋ. ಚರ್ಚಿನ ಅಂಗಳ ನೋಡಿಕೊಳ್ಳುವವನು, ಬಾಯಿ ಸುಮ್ಮನಿರದವನು. "ನನ್ನ ಸೊಂಟ ಕಾಡಲ್ಲೇ ಬಿಟ್ಟು ಬಂದಿದೀನಿ. ಹೆಲ್ವಕ್ಕ, ಇನ್ಮೇಲೆ ನೀನು ಅಲ್ಲಿ ಚಾಪೆ ಹಾಸ್ಕೊಂಡು ಮಲಗ್ಬಹುದು."

ಎಲ್ಲರೂ ನಕ್ಕರು. ಹೆಲ್ವಿ ಕಂಬ ಹಿಡಿದುಕೊಂಡಳು. ಇದು ಮುಯ್ಯಾಳಿನ ಕೆಲಸ. ನಮ್ಮಲ್ಲಿ ಕರೆಯದೆ ಬಂದು, ಕೂಲಿ ಕೇಳದೆ ದುಡಿದವರಿಗೆ ಬೈಯುವ ಮಾತು ಹುಟ್ಟಿಲ್ಲ. ಕಾಫಿ ಕೊಡಬೇಕು. ಅವಳು ಒಳಗೆ ಹೋಗಿ ಕಾಫಿ ಕಾಸಿದಳು, ಏಲಕ್ಕಿ ಬನ್ನು ಹೆಚ್ಚಿದಳು, ಒಳ್ಳೆಯ ಬಟ್ಟಲುಗಳನ್ನು ಇಳಿಸಿದಳು. ಬಟ್ಟಲು ತುಂಬಿದ್ದು ಗೊತ್ತಾಗದೆ ಕಾಫಿ ತಟ್ಟೆಗೆ ಚೆಲ್ಲಿತು. "ಕಣ್ಣಿನ ಔಷಧಿಗೆ ಸರಿಯಾಗಿ ಕಾಣಲ್ಲ," ಎಂದಳು. ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿ ಕಳಿಸಿದಳು.

ಅವರು ಹೋದದ್ದೇ ತಡ, ದಿಣ್ಣೆ ಹತ್ತಿ ಇಳಿಜಾರಿಗೆ ಓಡಿದಳು. ಕಾಡು ಬಾಚಿ ಜಡೆ ಹಾಕಿದಂತಿತ್ತು. ಬಿದ್ದದ್ದೊಂದೂ ಇಲ್ಲ, ಒಣಗಿ ನಿಂತಿದ್ದ ಬರ್ಚ್ ಮರಗಳಿಲ್ಲ. ಅವಳು ಕೂರುತ್ತಿದ್ದ ಮರವಿದ್ದಲ್ಲಿ ಉದ್ದಕ್ಕೆ ಒಂದು ಕರಿ ಗುಂಡಿ, ಅದರಲ್ಲಿ ಗಾಬರಿಬಿದ್ದ ಹುಳುಗಳು. ಸೌದೆಗಾಗದ ಕೊಳೆತದ್ದನ್ನೆಲ್ಲ ಟೌನೋನ ಹೊಲದ ಮೂಲೆಗೆ ಸುಡಲು ಸಾಗಿಸಿದ್ದರು. ಮಂಜುಗಣ್ಣಿನಲ್ಲಿ ಅವಳಿಗೆ ಮುಂದಕ್ಕೆ ಹೆಜ್ಜೆ ಕಾಣಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. ಸಿಟ್ಟು ಬಂತು, ಟೌನೋನ ಮೇಲಲ್ಲ, ತನ್ನ ಬಾಯಿಯ ಮೇಲೆ.

ಬೆಳಿಗ್ಗೆ ಟೌನೋ ಮರೆತುಹೋಗಿದ್ದ ಫ್ಲಾಸ್ಕಿಗಾಗಿ ಬಂದ. ಅಂಗಳದಲ್ಲಿ ಯಾರೂ ಇಲ್ಲ, ಸೌದೆಯ ಪೇರು ಒಂದು ಮೂಲೆಯಲ್ಲಿ ಕುಸಿದಿದೆ. ದಿಣ್ಣೆಯ ಮೇಲೆ ಹೆಲ್ವಿ ತಳ್ಳುಗಾಡಿ ತಳ್ಳುತ್ತ ಏದುಸಿರು ಬಿಡುತ್ತಿದ್ದಳು.

"ಏನ್ಮಾಡ್ತಿದೀಯ?"

"ವಾಪಸ್ ಹಾಕ್ತಿದೀನಿ."

"ಯಾವುದನ್ನ?"

"ಕಾಡನ್ನ."

ಟೌನೋ ಟೋಪಿ ಹಿಂದಕ್ಕೆ ಸರಿಸಿದ. ಹೆಲ್ವಿ ಗಾಡಿಯ ಹಿಡಿ ಬಿಡದೆ ಎಲ್ಲವನ್ನೂ ಹೇಳಿದಳು, ಔಲಿಸ್‌ನ ಮಂಡಿಯಿಂದ ಹಿಡಿದು ರೇಡಿಯೋದವರೆಗೆ, ಕೊಟ್ಟ ಮಾತಿನವರೆಗೆ. ಎಂದೂ ಯಾರಿಗೂ ಹೇಳದಿದ್ದ ಆ ಅಡ್ಡಬಿದ್ದ ಮರದ ಮಾತೂ ಹೊರಗೆ ಬಂತು.

"ಬಿದ್ದ ಮರಕ್ಕೆ ದುಡ್ಡಾ?" ಎಂದ ಟೌನೋ ಕೊನೆಗೆ.

"ಬಿದ್ದಿದ್ದು, ಕೊಳೆತಿದ್ದು, ಟೊಳ್ಳಾಗಿದ್ದು. ಅವಿದ್ರೇ ಹಕ್ಕಿ, ಹುಳ, ಅಣಬೆ ಎಲ್ಲ ಬದುಕೋದಂತೆ."

"ಯಾರಂದ್ರು?"

"ಸರ್ಕಾರ."

"ನಿಮ್ಮಪ್ಪನ ಕೈಲಿ ಎಲ್ಲ ಎತ್ತಿ ಸುಡಿಸಿದ್ದೂ ಅದೇ ಸರ್ಕಾರ ತಾನೆ?"

"ಅದೇ."

"ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು. ನೀನು ನಗ್ತೀಯ ಅಂತ."

"ನಗ್ತಿದ್ದೆ," ಎಂದ ಟೌನೋ. "ನಕ್ಕು ಸುಮ್ನಾಗ್ತಿದ್ದೆ. ಗರಗಸ ತರ್ತಿರ್ಲಿಲ್ಲ."

ಅವಳ ಕೈಯಿಂದ ಗಾಡಿ ಕಿತ್ತುಕೊಂಡು ತಾನೇ ತಳ್ಳಿದ. ಇಬ್ಬರೂ ತುಂಡುಗಳನ್ನು ಕಾಡಿನೊಳಗೆ ಸುರಿಯುತ್ತ ಹೋದರು. ಅದರಲ್ಲೂ ಟೌನೋ ತುಂಡಿನ ಪಕ್ಕಕ್ಕೆ ತುಂಡು ಜೋಡಿಸುತ್ತಿದ್ದ.

"ಅಷ್ಟು ಓರಣ ಬೇಡವೋ."

"ಅಡ್ಡಾದಿಡ್ಡಿ ಹಾಕೋದು ಕೈಗೆ ಬರಲ್ಲ ಕಣೆ, ಏನ್ಮಾಡ್ಲಿ," ಎಂದು ಒಂದನ್ನು ಕಾಲಿನಿಂದ ಒದ್ದ. ಅದು ಉರುಳಿ ಹೋಗಿ ಸಾಲಿನ ಕೊನೆಗೆ ನೆಟ್ಟಗೆ ಕೂತಿತು.

ಕಚೇರಿಯಿಂದ ಬಂದವಳ ಹೆಸರು ಮಿರ್ವಾ. ಮೃದು ಮಾತಿನ ಹೆಂಗಸು, ರಬ್ಬರ್ ಬೂಟು, ಕೊರಳಿಗೆ ದುರ್ಬೀನು. ದಿಣ್ಣೆಯಾಚೆ ಇಳಿದವಳೇ ನಿಂತುಬಿಟ್ಟಳು. ಎಲ್ಲೆಲ್ಲೂ ಹಳದಿ ಹೊಟ್ಟು, ಮಳೆ ಕಾಣದ ಹೊಸ ಬುಡಗಳು, ಓರಣವಾಗಿ ಮಲಗಿದ ಸೌದೆ.

"ಇದು ಯಾವಾಗ ಕಡಿದಿದ್ದು, ಹೆಲ್ವಿಯವರೇ?"

ಗಾಳಿಗೆ ಬಿದ್ದಿತ್ತು ಎನ್ನಲೇ, ಕಳ್ಳರು ಬಂದಿದ್ದರು ಎನ್ನಲೇ, ಒಂದು ಸುಳ್ಳು ಹೆಲ್ವಿಯ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಹಿಂದಿನಿಂದ ಟೌನೋ, "ನಿನ್ನೆ," ಎಂದ. "ಕಡಿದಿದ್ದು ನಾನು. ಇವಳು ಊರಲ್ಲಿರ್ಲಿಲ್ಲ. ನೀವು ಬಂದು ಬೈತೀರ ಅಂತ ಚೊಕ್ಕಟ ಮಾಡಿದ್ವಿ. ಬೆಳಗ್ಗೆ ವಿಷ್ಯ ಗೊತ್ತಾಯ್ತು, ವಾಪಸ್ ಹಾಕಿದ್ವಿ."

ಮಿರ್ವಾ ನಗಲಿಲ್ಲ, ಗದರಲಿಲ್ಲ. ಒಂದು ತುಂಡನ್ನು ಬೂಟಿನಿಂದ ಮೆಲ್ಲಗೆ ತಿರುಗಿಸಿ, "ಕತ್ತರಿಸಿ ತಂದಿಟ್ಟಿದ್ದು ಲೆಕ್ಕಕ್ಕೆ ಬರಲ್ಲ," ಎಂದಳು. ತಮ್ಮನಿಗೆ ಕೊಟ್ಟ ಮಾತು, ಹಾಕಬೇಕಾದ ಸಹಿ, ಬೋಳು ಇಳಿಜಾರು ಎಲ್ಲ ಒಂದರ ಹಿಂದೊಂದು ಹೆಲ್ವಿಯ ಕಣ್ಣ ಮುಂದೆ ಬಂದವು.

ಮಿರ್ವಾ ಮಾತ್ರ ಇಳಿಯುತ್ತಲೇ ಹೋದಳು, ಜೌಗಿನ ಅಂಚಿಗೆ, ವಿಲ್ಹೋ ತೋಡಿದ ಕಾಲುವೆಯವರೆಗೆ. ಕಾಲುವೆಯಲ್ಲಿ ಕರಿನೀರು ನಿಂತಿತ್ತು. ಆಚೆ ಬದಿಯಲ್ಲಿ ಕತ್ತಲೆ ಕತ್ತಲೆಯಾಗಿ ಹೆಲ್ವಿಯವರದೇ ಸ್ಪ್ರೂಸ್ ಕಾಡು ಮುಂದುವರಿದಿತ್ತು. ಹೆಲ್ವಿ ಅಲ್ಲಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು.

"ಆ ಕಡೆಗೂ ಹೋಗಿದ್ರಾ?" ಎಂದಳು ಮಿರ್ವಾ.

"ಹೋಗ್ಬೇಕು ಅಂತಿದ್ವಿ," ಎಂದ ಟೌನೋ. "ಟ್ರ್ಯಾಕ್ಟರ್ ದಾಟಲಿಲ್ಲ."

ಮಿರ್ವಾ ಹಲಗೆಯೊಂದನ್ನು ಅಡ್ಡ ಹಾಕಿಸಿಕೊಂಡು ದಾಟಿದಳು. ಹೆಲ್ವಿ ಟೌನೋನ ತೋಳು ಹಿಡಿದು ದಾಟಿದಳು. ಅಲ್ಲಿ ಮರದ ಮೇಲೆ ಮರ ಬಿದ್ದಿತ್ತು. ಬಿದ್ದ ಕಾಂಡಗಳಿಗೆ ಅಣಬೆ ಬಟ್ಟಲಿನಂತೆ ಅಂಟಿಕೊಂಡಿತ್ತು, ಮರಕುಟಿಗ ಕೊರೆದ ತೂತುಗಳು, ವಿಲ್ಹೋನ ಕೈಗೆ ಸಿಗದೆ ಉಳಿದ ಒಂದು ಮುದಿ ಆಸ್ಪೆನ್. ಮಿರ್ವಾ ಒಂದೊಂದನ್ನೂ ಮುಟ್ಟಿ, ಬಗ್ಗಿ ನೋಡಿ, ಮತ್ತೆ ಮತ್ತೆ ಹಿಂದಿರುಗಿ ಬಂದಳು. ಅವಳ ಮುಖ ಓದಲು ಹೆಲ್ವಿ ಪಟ್ಟ ಪಾಡು ಹೇಳತೀರದು. ಹುಬ್ಬು ಏರಿದರೆ ಆಸೆ, ಇಳಿದರೆ ಭಯ.

"ಕಾಲುವೆಯಿಂದ ಆಚೆಗೆ ನಾನು ಶಿಫಾರಸು ಬರೀಬಹುದು," ಎಂದಳು ಕೊನೆಗೆ. "ಈಚೆಗೆ ಆಗಲ್ಲ. ತೀರ್ಮಾನ ನನ್ನ ಕೈಲಿಲ್ಲ, ಮೇಲಿನವರದ್ದು. ಗೊತ್ತಾದ ತಕ್ಷಣ ಫೋನ್ ಮಾಡ್ತೀನಿ."

"ನೆಲ ಹೆಪ್ಪುಗಟ್ಟೋದ್ರೊಳಗೆ?"

"ನೋಡೋಣ. ಆಮೇಲೆ ಇನ್ನೊಂದು. ಆಯ್ತು ಅಂದ್ರೆ ಮುಂದೆ ಈ ಕಾಲುವೆ ಮುಚ್ಚಿ, ಜೌಗಿಗೆ ನೀರು ವಾಪಸ್ ತರಬೇಕಾಗುತ್ತೆ. ಅದಕ್ಕೂ ಸರ್ಕಾರವೇ ಕೊಡುತ್ತೆ."

ಟೌನೋ ಆಕಾಶ ನೋಡಿದ. ತೋಡಲಿಕ್ಕೂ ಕೊಟ್ಟು, ಮುಚ್ಚಲಿಕ್ಕೂ ಕೊಡುವವರ ಬಗ್ಗೆ ಅವನಿಗೆ ಅನ್ನುವುದು ಬಹಳವಿತ್ತು. ಆದರೆ ಆ ದಿನ ಅವನು ಬಾಯಿಬಿಡುವ ಸ್ಥಿತಿಯಲ್ಲಿರಲಿಲ್ಲ.

ಅಲ್ಲಿಂದ ಹೆಲ್ವಿಯ ಕಾಯುವಿಕೆ ಶುರುವಾಯಿತು. ದಿನಾ ಎದ್ದ ಕೂಡಲೇ ಅಂಗಳಕ್ಕಿಳಿದು ಹಿಮ್ಮಡಿಯಿಂದ ನೆಲ ಒತ್ತಿ ನೋಡುವಳು. ಮೆತ್ತಗಿದ್ದರೆ ಸಮಾಧಾನ. ಊರೆಲ್ಲ ಈ ಮಳೆ ಯಾವಾಗ ನಿಂತೀತೋ ಎಂದು ಗೊಣಗುವಾಗ ಇವಳೊಬ್ಬಳು ಇನ್ನೂ ಸುರಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. ಫೋನನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಹಬೆಸ್ನಾನದ ಸೌನಾಕ್ಕೂ ಹೋಗುವಳು. ಒಂದು ಬೆಳಿಗ್ಗೆ ಹಿಮ್ಮಡಿ ಒತ್ತಿದರೆ ನೆಲ ಠಣ್ ಎಂದಿತು. ಕೊಚ್ಚೆಯ ಮೇಲೆ ಗಾಜಿನಂಥ ಪೊರೆ ಕಟ್ಟಿತ್ತು.

"ಅಕ್ಕ," ಎಂದ ಔಲಿಸ್ ಅವತ್ತೇ. ಅವನ ದನಿಯಲ್ಲೂ ಸಂಕೋಚವಿತ್ತು. "ಮೆಷಿನ್‌ನವ್ರು ಕೇಳ್ತಿದಾರೆ."

"ಇನ್ನೊಂದು ವಾರ ಕೊಡೋ. ಈಚೆ ಕಡೆಗೆ ಈಗಲೇ ಸಹಿ ಹಾಕ್ತೀನಿ. ಆಚೆ ಕಡೆಗೆ ಒಂದು ವಾರ."

"ಆ ಕಾಲುವೆ ತೋಡುವಾಗ ಅಪ್ಪನಿಗೆ ಬುತ್ತಿ ಹೊತ್ತಿದ್ದು ನಾನೇ," ಎಂದ. "ಆಯ್ತು. ಒಂದು ವಾರ."

ಈಚೆ ಬದಿಗೆ ಅವಳು ಸಹಿ ಹಾಕಿದಳು. ವಾರ ಮುಗಿಯುವುದರೊಳಗೆ ಮಿರ್ವಾಳ ಫೋನ್ ಬಂತು. ಆಚೆ ಬದಿ ಉಳಿಯುತ್ತದೆ. ಹೆಲ್ವಿ ಫೋನ್ ಇಟ್ಟು, ಒಲೆಯ ಮೇಲಿದ್ದ ಸಾರು ಉಕ್ಕಿ ಸೀದರೂ ಕೂತೇ ಇದ್ದಳು. ಖುಷಿಯಾಯಿತು. ಆದರೆ ಒಂದು ಮಾತು ಆಡಿದ್ದರೆ ಎರಡೂ ಬದಿ ಉಳಿಯುತ್ತಿತ್ತು ಎಂಬುದು ಆ ಖುಷಿಯನ್ನು ಅರ್ಧಕ್ಕೇ ನಿಲ್ಲಿಸಿತು.

ನವೆಂಬರಿನಲ್ಲಿ ಮೆಷಿನ್ ಬಂತು. ಮರ ಹಿಡಿದು, ಕಡಿದು, ಕೊಂಬೆ ಸವರಿ, ತುಂಡರಿಸಿ ಇಡುವ ಆ ಸದ್ದು ಅಡುಗೆಮನೆಯ ಕಿಟಕಿಯನ್ನೂ ಅದುರಿಸುತ್ತಿತ್ತು. ಹೆಲ್ವಿಗೆ ಮನೆಯಲ್ಲಿ ಕೂರಲಾಗಲಿಲ್ಲ. ನೆಂಟರನ್ನು ಕರೆದೊಯ್ಯುತ್ತಿದ್ದ ಕೆರೆಯ ದಾರಿಯಲ್ಲೇ ಸುತ್ತಿ, ಕಾಲುವೆಯ ಆಚೆ ಬದಿಗೆ ಬಂದಳು. ಅಲ್ಲಿ ಮರಗಳಿಗೆ ಕಡಿಯಬಾರದೆಂಬ ಗುರುತಿಗೆ ಮಿರ್ವಾ ಕಟ್ಟಿಹೋಗಿದ್ದ ನೀಲಿ ಪಟ್ಟಿಗಳಿದ್ದವು. ಒಂದೊಂದನ್ನೂ ಎಳೆದು ಗಂಟು ಗಟ್ಟಿಯಾಗಿದೆಯೇ ಎಂದು ನೋಡುತ್ತ ಹೋದಳು. ಮೆಷಿನ್ ನಡೆಸುವವನಿಗೆ ಕಾಣದಿದ್ದರೆ ಎಂಬ ಭಯ.

ಯಾರೋ ಕೆಮ್ಮಿದರು. ಟೌನೋ ಹಿಮದ ಮೇಲೆ ಎಳೆಬಂಡಿ ಎಳೆದುಕೊಂಡು ಕೆರೆಯ ಕಡೆಯಿಂದಲೇ ಬರುತ್ತಿದ್ದ, ಮುಖ ಕೆಂಪಾಗಿತ್ತು. ಬಂಡಿಯ ಮೇಲೆ ಗೋಣಿ ಹೊದಿಸಿ ಹಗ್ಗ ಬಿಗಿದ ದೊಡ್ಡದೊಂದು ತುಂಡು. ಗೋಣಿ ಸರಿಸಿದ. ಕೊಳೆತ ಸ್ಪ್ರೂಸ್, ಮೇಲೆ ಪಾಚಿ, ಪಾಚಿಯ ಮೇಲೆ ಬೆರಳುದ್ದದ ಸಸಿಗಳು, ಇನ್ನೂ ಹಸಿರಾಗಿದ್ದವು.

"ಸುಡೋ ರಾಶೀಲಿತ್ತು," ಎಂದ. "ಅವತ್ತು ನೀನು ಹೇಳಿದ್ಮೇಲೆ ಬೆಂಕಿ ಹಾಕ್ಲಿಲ್ಲ. ಪೂರ್ತಿ ತರಕ್ಕಾಗ್ಲಿಲ್ಲ, ಪುಡಿಯಾಗೋಯ್ತು. ಇಷ್ಟೇ ಉಳಿದಿದ್ದು. ಎಲ್ಲಿಡ್ಲಿ?"

ಹೆಲ್ವಿ ಒಂದು ಮರದ ಬುಡದತ್ತ ಕೈ ತೋರಿಸಿದಳು. ಟೌನೋ ಹಗ್ಗ ಬಿಚ್ಚಿ, ತುಂಡನ್ನು ತೋಳಿನಲ್ಲಿ ತಬ್ಬಿ ಇಳಿಸಿದ. ಅದು ಒಂದು ಬೇರಿನ ಮೇಲೆ ಓರೆಯಾಗಿ ಕೂತಿತು. ಸರಿಪಡಿಸಲು ಅವನ ಕೈ ಮುಂದೆ ಹೋಯಿತು, ನಡುವೆ ನಿಂತಿತು, ಆಮೇಲೆ ಜೇಬಿಗೆ ಹೋಯಿತು.

"ಕೂರು," ಎಂದ.

ಅವಳು ಸಸಿಗಳನ್ನು ತಪ್ಪಿಸಿ ತುದಿಯಲ್ಲಿ ಕೂತಳು. ಎದುರಿಗೆ, ಎಂದೂ ಬೆಳಕು ಬೀಳದಿದ್ದ ಇಳಿಜಾರಿನಲ್ಲಿ ಆಕಾಶ ಕಾಣುತ್ತಿತ್ತು, ಅದರಾಚೆ ಅವಳ ಮನೆಯ ಹೊಗೆ. ಮೆಷಿನ್ ಕೆಳಗಿಳಿಯುತ್ತ, ದೊಡ್ಡದಾಗುತ್ತ ಬಂದು, ಕಾಲುವೆಯ ಅಂಚಿಗೆ ಬಂದು ನಿಂತಿತು. ಹೆಲ್ವಿ ಟೌನೋನ ತೋಳು ಹಿಡಿದಳು. ಒಂದು ಗಳಿಗೆ ಅದು ಹಾಗೇ ಗುರುಗುಟ್ಟುತ್ತಿತ್ತು. ಆಮೇಲೆ ಹಿಂದಕ್ಕೆ ತಿರುಗಿ ದಿಣ್ಣೆಯ ಕಡೆ ಹೋಯಿತು.

"ಹೋಯ್ತು," ಎಂದ ಟೌನೋ.

ಅವಳು ಆಗ ಅತ್ತಳು, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಎದುರಿಗೆ. ಟೌನೋ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತುಕೊಂಡ.